ಐಆರ್‌ಕ್ಯು 4: ಹಳೆಯ ಪಿಸಿಯಲ್ಲಿ ತಕ್ಕಡಿಯ ಒಂದು ಬೈಟೂ ಕಳೆಯದಂತೆ ಇಂಟರಪ್ಟ್ ಬರೆಯುವ ಬಗೆ

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಮೇಲೆ ಓಡುವ ಪಿಸಿಗಳು ಇಂದಿಗೂ ದುಡಿಯುತ್ತಿವೆ. ಸ್ಪ್ರಿಂಗ್ ಪರೀಕ್ಷಿಸುವ ಬೆಂಚು, ಬೋಲ್ಟ್ ತೂಗಿ ಪೊಟ್ಟಣ ಕಟ್ಟುವ ಮೇಜು, ಲಾರಿ ತೂಗುವ ವೇಬ್ರಿಜ್ ಎಲ್ಲ ಗಟ್ಟಿಯಾಗಿಯೇ ಇವೆ; ಅವುಗಳ ಲೆಕ್ಕ ಬರೆಯುವ ಪಿಸಿಗೆ ಮಾತ್ರ ವಯಸ್ಸಾಗಿದೆ. ಆ ಪಿಸಿಗಳನ್ನು ನಡೆಯುವಂತೆ ಇಡುವುದು ನನ್ನ ಕಸುಬು. ನಾನು ಹೆಚ್ಚಾಗಿ ಕೇಳುವ ದೂರು ಒಂದೇ: ‘ಮೇಡಂ, 12 ಕಿಲೋ 450 ಗ್ರಾಂ ಇಟ್ಟರೆ ಕೆಲವು ಸಲ 2 ಕಿಲೋ 450 ಎಂದು ಬಿಲ್ ಬರುತ್ತದೆ. ತಕ್ಕಡಿಯ ಮೇಲೆ ಸರಿಯಾಗಿಯೇ ತೋರಿಸುತ್ತದೆ.’

ಇಂಥ ಕಡೆ ತಕ್ಕಡಿಯನ್ನು ಬಿಚ್ಚುವ ಮೊದಲು ಪ್ರೋಗ್ರಾಂ ನೋಡಬೇಕು. ಹಳೆಯ ಪ್ರೋಗ್ರಾಂಗಳಲ್ಲಿ ಬಹುಪಾಲು, ತಕ್ಕಡಿಯ ಕೇಬಲ್ ಸೇರುವ ಸೀರಿಯಲ್ ಪೋರ್ಟನ್ನು ತಾವೇ ಮತ್ತೆ ಮತ್ತೆ ಇಣುಕಿ ‘ಏನಾದರೂ ಬಂದಿದೆಯೇ’ ಎಂದು ನೋಡುತ್ತವೆ. 9600 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದೊಂದಕ್ಕೆ ಸುಮಾರು 1.04 ಮಿಲಿಸೆಕೆಂಡ್. ಆ ಪೋರ್ಟನ್ನು ನಡೆಸುವ ಹಳೆಯ 8250 ಅಥವಾ 16450 ಚಿಪ್‌ನಲ್ಲಿ ಬಂದ ಅಕ್ಷರ ಕಾಯಲು ಒಂದೇ ಜಾಗವಿದೆ. ಪ್ರೋಗ್ರಾಂ ಆ ಹೊತ್ತಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಯಾವಾಗ ಬಿಡುವಾದೀತು ಎಂದು ಕಾಯುತ್ತಿದ್ದರೆ, ಬಂದು ಕುಳಿತಿದ್ದ ‘1’ರ ಮೇಲೆ ‘2’ ಬಂದು ಕೂರುತ್ತದೆ. 12 ಕಿಲೋ 2 ಕಿಲೋ ಆಗುವುದು ಹೀಗೆ. ಫ್ಲಾಪಿಯ ಮೋಟಾರ್ ವೇಗ ಹಿಡಿಯುವಷ್ಟು ಹೊತ್ತು ಕಾದರಂತೂ ಇಡೀ ಸಾಲೇ ಹೋಗುತ್ತದೆ.

ಇದು ಊಹೆಯಾಗಿ ಉಳಿಯಬೇಕಿಲ್ಲ. ಚಿಪ್‌ನ ಲೈನ್ ಸ್ಟೇಟಸ್ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಎಂದರೆ ಚಿಪ್‌ನೊಳಗಿನ ಒಂದು ಬೈಟ್‌ನ ಜಾಗ) 1ನೇ ಬಿಟ್ ಓವರ್‌ರನ್‌ಗೆಂದೇ ಮೀಸಲು; ಒಂದು ಅಕ್ಷರ ಓದುವ ಮುನ್ನ ಇನ್ನೊಂದು ಬಂದರೆ ಅದು ಏಳುತ್ತದೆ. ರಿಜಿಸ್ಟರ್ ಓದಿದ ಕೂಡಲೇ ಅಳಿಯುತ್ತದೆ. ಹಳೆಯ ಪ್ರೋಗ್ರಾಂಗೆ ಆ ಬಿಟ್ ಎಣಿಸುವ ಎರಡು ಸಾಲು ಸೇರಿಸಿ, ಬಿಲ್ ಮುದ್ರಿಸುತ್ತಾ ಒಂದು ಗಂಟೆ ಓಡಿಸಿ. ಎಣಿಕೆ ಸೊನ್ನೆಯಾಗಿದ್ದರೆ ಕೇಬಲ್, ಬಾಡ್ ವೇಗ, ತಕ್ಕಡಿ ಇವುಗಳ ಕಡೆ ಹೋಗಿ. ಏರುತ್ತಿದ್ದರೆ ಮದ್ದು ಇಂಟರಪ್ಟ್: ಅಕ್ಷರ ಬಂದಾಗ ಚಿಪ್ಪೇ ಪ್ರೊಸೆಸರನ್ನು ಕರೆಯಬೇಕು.

ಬೇಕಾದದ್ದು ಹೆಚ್ಚೇನಿಲ್ಲ. ಐಎಸ್ಎ ಸ್ಲಾಟ್ (ಹಳೆಯ ಕಾರ್ಡ್‌ಗಳನ್ನು ಸಿಕ್ಕಿಸುವ ಜಾಗ) ಇರುವ 386, 486 ಅಥವಾ ಮೊದಲ ತಲೆಮಾರಿನ ಪೆಂಟಿಯಂ, ಎಂಎಸ್-ಡಾಸ್, ಟರ್ಬೊ ಸಿ ಕಂಪೈಲರ್. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿತವರಿಗೆ ಟರ್ಬೊ ಸಿಯ ನೀಲಿ ಪರದೆ ಪರಿಚಿತವೇ. ಎಸ್.ಪಿ. ರಸ್ತೆಯಲ್ಲಿ ಒಂದು ಎಲ್‌ಇಡಿ, 1 ಕಿಲೋ ಓಮ್‌ನ ರೆಸಿಸ್ಟರ್, 9 ಪಿನ್‌ನ ಒಂದು ಹೆಣ್ಣು ಕನೆಕ್ಟರ್ ಕೊಂಡುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಪಿಸಿ ಕೈಗೆ ಸಿಗದವರು ಇಂದಿನ ಕಂಪ್ಯೂಟರ್‌ನಲ್ಲಿ ಡಾಸ್ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಅಭ್ಯಾಸ ಮಾಡಬಹುದು. ಆದರೆ ಸಮಯದ ಲೆಕ್ಕ ಅಲ್ಲಿ ನಿಜವಾದ ಯಂತ್ರದ ಹಾಗಿರುವುದಿಲ್ಲ, ಆದ್ದರಿಂದ ಕೊನೆಯ ಪರೀಕ್ಷೆ ನಿಜವಾದ ಪಿಸಿಯಲ್ಲೇ ಆಗಬೇಕು. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಅಡಾಪ್ಟರ್ ಈ ಕೆಲಸಕ್ಕೆ ಬರುವುದಿಲ್ಲ; ನಾವು ಬರೆಯಲಿರುವ ಪೋರ್ಟ್ ವಿಳಾಸದಲ್ಲಿ ಅದು ಇರುವುದೇ ಇಲ್ಲ.

ಇಲ್ಲಿಂದ ಮುಂದೆ ಪೋರ್ಟ್ ವಿಳಾಸ, ವೆಕ್ಟರ್ ಸಂಖ್ಯೆ, ರಿಜಿಸ್ಟರ್‌ಗೆ ಬರೆಯುವ ಬೆಲೆ ಎಲ್ಲವೂ ಹೆಕ್ಸ್, ಅಂದರೆ 16ನ್ನು ಆಧರಿಸಿದ ಎಣಿಕೆ; ಅದರಲ್ಲಿ 10ರಿಂದ 15ರವರೆಗಿನ ಅಂಕಿಗಳಿಗೆ ಎಯಿಂದ ಎಫ್‌ವರೆಗಿನ ಅಕ್ಷರಗಳು. ಐಆರ್‌ಕ್ಯು (ಇಂಟರಪ್ಟ್ ಕೋರುವ ತಂತಿ) ಸಂಖ್ಯೆ, 0ಯಿಂದ ಎಣಿಸುವ ಬಿಟ್ ಸಂಖ್ಯೆ, ವೇಗ, ಬಫರ್ ಅಳತೆ ದಶಮಾನ.

ಪಿಸಿಯೊಳಗಿನ ದಾರಿ

1981ರ ಐಬಿಎಂ ಪಿಸಿಯಲ್ಲಿ 8088 ಪ್ರೊಸೆಸರ್‌ನ ಪಕ್ಕದಲ್ಲಿ 8259ಎ ಎಂಬ ಇಂಟರಪ್ಟ್ ನಿಯಂತ್ರಕ ಚಿಪ್ ಇತ್ತು. ಅದಕ್ಕೆ ಎಂಟು ತಂತಿಗಳು, ಐಆರ್‌ಕ್ಯು 0ಯಿಂದ 7ರವರೆಗೆ. 1984ರ ಪಿಸಿ ಎಟಿಯಲ್ಲಿ ಇನ್ನೊಂದು 8259ಎ ಸೇರಿತು. ಅದರ ಕೂಗು ಮೊದಲ ಚಿಪ್‌ನ 2ನೇ ತಂತಿಯ ಮೂಲಕ ಬರುತ್ತದೆ, ಹೀಗೆ 8ರಿಂದ 15ರವರೆಗಿನ ತಂತಿಗಳು ಸಿಕ್ಕವು. ಮೊದಲ ಚಿಪ್ 20 ಮತ್ತು 21ನೇ ಪೋರ್ಟ್‌ಗಳಲ್ಲಿದೆ, ಎರಡನೆಯದು ಎ0 ಮತ್ತು ಎ1ರಲ್ಲಿ.

ಯಾವ ತಂತಿ ಯಾರದು ಎಂಬುದು ಬಾಯಿಪಾಠವಾಗಿರಬೇಕು. 0 ಟೈಮರ್, 1 ಕೀಬೋರ್ಡ್, 3 ಕಾಮ್ 2 (ಎರಡನೇ ಸೀರಿಯಲ್ ಪೋರ್ಟ್), 4 ಕಾಮ್ 1 (ಮೊದಲನೆಯದು; ನಮ್ಮ ತಕ್ಕಡಿ ಇಲ್ಲಿ), 6 ಫ್ಲಾಪಿ, 7 ಪ್ರಿಂಟರ್ ಪೋರ್ಟ್, 8 ಗಡಿಯಾರದ ಚಿಪ್, 12 ಪಿಎಸ್/2 ಮೌಸ್, 13 ಕೋಪ್ರೊಸೆಸರ್, 14 ಮೊದಲ ಐಡಿಇ ಹಾರ್ಡ್ ಡಿಸ್ಕ್. 5ನೆಯದು ಎರಡನೇ ಪ್ರಿಂಟರ್ ಪೋರ್ಟ್‌ಗೆ ಮೀಸಲಾಗಿದ್ದರೂ ಸಾಮಾನ್ಯವಾಗಿ ಸೌಂಡ್ ಕಾರ್ಡ್ ಪಾಲಾಗಿರುತ್ತದೆ. ಚಿಕ್ಕ ಸಂಖ್ಯೆಗೆ ಹೆಚ್ಚಿನ ಆದ್ಯತೆ. ಆದರೆ 8ರಿಂದ 15ರವರೆಗಿನವು 2ನೇ ತಂತಿಯಲ್ಲಿ ಒಳಬರುವುದರಿಂದ ಅವು 1ರ ನಂತರ, 3ರ ಮೊದಲು ನಿಲ್ಲುತ್ತವೆ. ಹಾಗಾಗಿ ಹಾರ್ಡ್ ಡಿಸ್ಕ್‌ನ ಕರೆಗೆ ನಮ್ಮ ತಕ್ಕಡಿಯ ಕರೆಗಿಂತ ಮೇಲಿನ ಸ್ಥಾನ. ಈ ಸಣ್ಣ ಸಂಗತಿ ಮುಂದೆ ದೋಷ ಹುಡುಕುವಾಗ ಬಹಳ ನೆರವಾಗುತ್ತದೆ.

ಪ್ರೊಸೆಸರ್ ಕಡೆಯಿಂದ ನೋಡಿದರೆ ಮೆಮೊರಿಯ ಮೊದಲ 1024 ಬೈಟ್‌ಗಳು ವೆಕ್ಟರ್ ಪಟ್ಟಿ: ಇಂಟರಪ್ಟ್ ಬಂದಾಗ ಓಡಬೇಕಾದ ಕೋಡ್ ಎಲ್ಲಿದೆ ಎಂದು ಹೇಳುವ 256 ವಿಳಾಸಗಳು, ಒಂದೊಂದಕ್ಕೆ 4 ಬೈಟ್. ಐಆರ್‌ಕ್ಯು 0ಯಿಂದ 7ರವರೆಗಿನವು 08ರಿಂದ 0ಎಫ್‌ವರೆಗಿನ ವೆಕ್ಟರ್‌ಗಳಿಗೆ, 8ರಿಂದ 15ರವರೆಗಿನವು 70ರಿಂದ 77ರವರೆಗಿನ ವೆಕ್ಟರ್‌ಗಳಿಗೆ ಹೋಗುತ್ತವೆ. ನಮ್ಮ ಐಆರ್‌ಕ್ಯು 4ರ ವೆಕ್ಟರ್ 0ಸಿ.

ಕಾಮ್ 1ರ ವಿಳಾಸ ಸಾಮಾನ್ಯವಾಗಿ 3ಎಫ್8. ಕಾರ್ಡ್‌ನ ಜಂಪರ್ ಯಾರು ಎಂದೋ ಬದಲಿಸಿರಬಹುದು, ಆದ್ದರಿಂದ ಪಿಸಿ ಶುರುವಾಗುವಾಗ ಓಡುವ ಬಯೋಸ್ ಪ್ರೋಗ್ರಾಂ ಬರೆದಿಟ್ಟಿರುವುದನ್ನು ಓದಿ: ಸೆಗ್ಮೆಂಟ್ 40ರ ಮೊದಲ ಎರಡು ಬೈಟ್‌ಗಳಲ್ಲಿ ಕಾಮ್ 1ರ ವಿಳಾಸವಿರುತ್ತದೆ. ಐಆರ್‌ಕ್ಯು ಸಂಖ್ಯೆಯನ್ನು ಬಯೋಸ್ ಅಲ್ಲಿ ಬರೆದಿಡುವುದಿಲ್ಲ. ಪೆಟ್ಟಿಗೆ ಬಿಚ್ಚಿ, ಟಾರ್ಚ್ ಹಿಡಿದು ಜಂಪರನ್ನೇ ನೋಡಿ. ಕಾಮ್ 1 ಮತ್ತು ಕಾಮ್ 3 ಎರಡೂ 4ನ್ನು, ಕಾಮ್ 2 ಮತ್ತು ಕಾಮ್ 4 ಎರಡೂ 3ನ್ನು ಬಳಸುವುದು ರೂಢಿ. ಐಎಸ್ಎ ಬಸ್‌ನಲ್ಲಿ ಎರಡು ಸಾಮಾನ್ಯ ಕಾರ್ಡ್‌ಗಳು ಒಂದೇ ತಂತಿಯನ್ನು ನೆಮ್ಮದಿಯಾಗಿ ಹಂಚಿಕೊಳ್ಳಲಾರವು. ಯಂತ್ರದೊಳಗೆ ಯಾರೂ ಬಳಸದ ಮೋಡೆಮ್ ಕಾರ್ಡ್ ಇದ್ದರೆ ಕಿತ್ತಿಡಿ.

ಮೂರು ಬಾಗಿಲು

ಇಂಟರಪ್ಟ್ ಬರುತ್ತಿಲ್ಲ ಎಂದು ನನ್ನ ಬಳಿ ಬರುವ ಪ್ರೋಗ್ರಾಂಗಳಲ್ಲಿ ಹ್ಯಾಂಡ್ಲರ್, ಅಂದರೆ ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್, ತಪ್ಪಾಗಿರುವುದು ಕಡಿಮೆ. ತಕ್ಕಡಿಯ ಅಕ್ಷರ ಹ್ಯಾಂಡ್ಲರ್‌ವರೆಗೆ ಬರಲು ಮೂರು ಬಾಗಿಲು ದಾಟಬೇಕು: ಸೀರಿಯಲ್ ಕಾರ್ಡ್, 8259ಎ, ಪ್ರೊಸೆಸರ್. ಒಂದು ಮುಚ್ಚಿದ್ದರೂ ಏನೂ ನಡೆಯದು, ಯಾವ ದೋಷದ ಸಂದೇಶವೂ ಬಾರದು.

ಮೊದಲ ಬಾಗಿಲಿಗೆ ಎರಡು ಚಿಲಕಗಳಿವೆ. 3ಎಫ್9ರಲ್ಲಿರುವ ಇಂಟರಪ್ಟ್ ಎನೇಬಲ್ ರಿಜಿಸ್ಟರ್‌ನ 0ನೇ ಬಿಟ್ ಅಕ್ಷರ ಬಂದುದಕ್ಕೆ, 2ನೇ ಬಿಟ್ ಓವರ್‌ರನ್‌ನಂಥ ದೋಷಗಳಿಗೆ. ಎರಡೂ ಬೇಕು, ಆದ್ದರಿಂದ ಬೆಲೆ 05. ಇದನ್ನು ಎಲ್ಲರೂ ಬರೆಯುತ್ತಾರೆ. ಎಲ್ಲರೂ ಮರೆಯುವುದು ಇನ್ನೊಂದು ಚಿಲಕವನ್ನು: 3ಎಫ್‌ಸಿಯಲ್ಲಿರುವ ಮೋಡೆಮ್ ಕಂಟ್ರೋಲ್ ರಿಜಿಸ್ಟರ್‌ನ 3ನೇ ಬಿಟ್, ಔಟ್ 2. 8250ರ ಕೈಪಿಡಿ ಓದಿದರೆ ಅದೊಂದು ಸಾಮಾನ್ಯ ಔಟ್‌ಪುಟ್ ಪಿನ್, ಬಳಕೆದಾರರಿಗೆ ಬಿಟ್ಟದ್ದು ಎಂದಷ್ಟೇ ಇರುತ್ತದೆ. ಐಬಿಎಂ ತನ್ನ ಕಾರ್ಡ್ ವಿನ್ಯಾಸ ಮಾಡುವಾಗ ಆ ಪಿನ್‌ನಿಂದಲೇ ಇಂಟರಪ್ಟ್ ತಂತಿಯನ್ನು ಬಸ್‌ಗೆ ಸೇರಿಸುವ ಅಥವಾ ಬಿಡಿಸುವ ವ್ಯವಸ್ಥೆ ಮಾಡಿತು, ಮಿಕ್ಕ ತಯಾರಕರು ಅದನ್ನೇ ಅನುಸರಿಸಿದರು. ಚಿಪ್‌ನ ಕೈಪಿಡಿಯನ್ನು ಮಾತ್ರ ನಂಬಿ ಕುಳಿತವರಿಗೆ ಇದು ತಿಳಿಯುವುದಿಲ್ಲ. ಬೋರ್ಡ್ ಹೇಗೆ ಕಟ್ಟಿದ್ದಾರೆ ಎಂಬುದೂ ಗೊತ್ತಿರಬೇಕು. ‘ನಾನು ಸಿದ್ಧ’ ಎಂದು ತಕ್ಕಡಿಗೆ ಹೇಳುವ ಡಿಟಿಆರ್, ಆರ್‌ಟಿಎಸ್ ಮತ್ತು ಔಟ್ 2 ಮೂರನ್ನೂ ಸೇರಿಸಿ 3ಎಫ್‌ಸಿಗೆ 0ಬಿ ಬರೆಯಿರಿ.

ಎರಡನೇ ಬಾಗಿಲು 21ನೇ ಪೋರ್ಟ್‌ನಲ್ಲಿರುವ ಮಾಸ್ಕ್. ಅಲ್ಲಿ ಒಂದೊಂದು ತಂತಿಗೆ ಒಂದು ಬಿಟ್; ಅದರ ಬೆಲೆ 1 ಇದ್ದರೆ ಮುಚ್ಚಿದೆ, 0 ಇದ್ದರೆ ತೆರೆದಿದೆ. 21ನ್ನು ಓದಿ, ಇಎಫ್‌ನೊಂದಿಗೆ ಆಂಡ್ ಮಾಡಿ (ಎರಡರಲ್ಲೂ 1 ಇರುವ ಬಿಟ್‌ಗಳನ್ನಷ್ಟೇ ಉಳಿಸಿ), ಮರಳಿ ಬರೆಯಿರಿ. ನೇರವಾಗಿ ಇಎಫ್ ಬರೆದರೆ ಉಳಿದ ಏಳೂ ಬಾಗಿಲು ಮುಚ್ಚಿ, ಕೀಬೋರ್ಡ್ ಕೂಡ ಸತ್ತುಹೋಗುತ್ತದೆ. ಮೂರನೆಯದು ಪ್ರೊಸೆಸರ್‌ನ ಇಂಟರಪ್ಟ್ ಫ್ಲಾಗ್. ಟರ್ಬೊ ಸಿಯಲ್ಲಿ ಡಿಸೇಬಲ್, ಎನೇಬಲ್ ಎಂಬ ಎರಡು ಕರೆಗಳು ಅದನ್ನು ಮುಚ್ಚಿ ತೆರೆಯುತ್ತವೆ.

ತೆರೆಯುವ ಕ್ರಮ

ಎಲ್ಲಕ್ಕಿಂತ ಮೊದಲು ಹಳೆಯದನ್ನು ಉಳಿಸಿಕೊಳ್ಳಿ. ಗೆಟ್‌ವೆಕ್ಟ್ ಕರೆದು 0ಸಿ ವೆಕ್ಟರ್‌ನ ಹಳೆಯ ವಿಳಾಸವನ್ನು, ಜೊತೆಗೆ 21, 3ಎಫ್9, 3ಎಫ್‌ಬಿ, 3ಎಫ್‌ಸಿ ಈ ನಾಲ್ಕರ ಬೆಲೆಗಳನ್ನು ಚರಾಂಶಗಳಲ್ಲಿ ಇಟ್ಟುಕೊಳ್ಳಿ. ನಮ್ಮ ಪ್ರೋಗ್ರಾಂ ಮುಗಿದ ಮೇಲೂ ಆ ಪಿಸಿಯಲ್ಲಿ ಲೆಕ್ಕ ಬರೆಯುವವರು, ಬಿಲ್ ಮುದ್ರಿಸುವವರು ಇರುತ್ತಾರೆ. ಯಂತ್ರವನ್ನು ಹೇಗೆ ಪಡೆದೆವೋ ಹಾಗೆಯೇ ಹಿಂದಿರುಗಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಆಮೇಲೆ ಸೆಟ್‌ವೆಕ್ಟ್‌ನಿಂದ ನಮ್ಮ ಹ್ಯಾಂಡ್ಲರನ್ನು ಕೂರಿಸಿ. ಬಾಗಿಲು ತೆರೆಯುವ ಮೊದಲೇ ಒಳಗೆ ಆಳು ನಿಂತಿರಬೇಕು. ಮೊದಲು ಮಾಸ್ಕ್ ತೆರೆದು ಬಳಿಕ ವೆಕ್ಟರ್ ಬದಲಿಸಿದರೆ ನಡುವೆ ಬಂದ ಅಕ್ಷರ ಬೇರೆಯವರ ಕೈಗೆ ಹೋಗುತ್ತದೆ.

ಮೂರನೆಯದು ವೇಗ. 3ಎಫ್‌ಬಿಗೆ 80 ಬರೆದರೆ 3ಎಫ್8 ಮತ್ತು 3ಎಫ್9 ತಾತ್ಕಾಲಿಕವಾಗಿ ಭಾಜಕದ ಕೆಳ, ಮೇಲ್ ಬೈಟ್‌ಗಳಾಗುತ್ತವೆ. 115200ನ್ನು ಬೇಕಾದ ವೇಗದಿಂದ ಭಾಗಿಸಿ. 9600ಕ್ಕೆ ದಶಮಾನದ 12, ಅಂದರೆ 0ಸಿ. 3ಎಫ್8ಕ್ಕೆ 0ಸಿ, 3ಎಫ್9ಕ್ಕೆ 00, ಆಮೇಲೆ 3ಎಫ್‌ಬಿಗೆ 03. ಆ 03ರಿಂದ 8 ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದು ನಿಗದಿಯಾಗುತ್ತದೆ. ತಕ್ಕಡಿಯ ಕೈಪಿಡಿ 7 ಬಿಟ್, ಈವನ್ ಪ್ಯಾರಿಟಿ ಎಂದರೆ 1ಎ ಬರೆಯಿರಿ.

ನಾಲ್ಕನೆಯದನ್ನು ಬಿಡಬೇಡಿ: ಹಳೆಯ ಕೊಳೆ ತೆಗೆಯುವುದು. 3ಎಫ್‌ಡಿ (ಲೈನ್ ಸ್ಟೇಟಸ್ ರಿಜಿಸ್ಟರ್), 3ಎಫ್8, 3ಎಫ್‌ಎ, 3ಎಫ್‌ಇ ಇವನ್ನು ಒಮ್ಮೆ ಓದಿ ಬೆಲೆಯನ್ನು ಎಸೆದುಬಿಡಿ. ನೀವು ಬರುವ ಮೊದಲೇ ಬಂದು ಕಾಯುತ್ತಿದ್ದ ಅಕ್ಷರ, ದೋಷದ ಗುರುತು ಎಲ್ಲ ಹೀಗೆ ಅಳಿಯುತ್ತವೆ.

ಕೊನೆಗೆ ಡಿಸೇಬಲ್ ಕರೆದು, 3ಎಫ್9ಕ್ಕೆ 05, 3ಎಫ್‌ಸಿಗೆ 0ಬಿ, 21ರ 4ನೇ ಬಿಟ್ ಸೊನ್ನೆ, ಮತ್ತೆ ಎನೇಬಲ್.

ಹ್ಯಾಂಡ್ಲರ್

ಟರ್ಬೊ ಸಿಯಲ್ಲಿ ಫಂಕ್ಷನ್‌ನ ಹೆಸರಿಗೆ ಮೊದಲು ‘ಇಂಟರಪ್ಟ್’ ಎಂಬ ಪದ ಬರೆದರೆ ಸಾಕು. ರಿಜಿಸ್ಟರ್‌ಗಳನ್ನು ಉಳಿಸುವುದು, ಡೇಟಾ ಸೆಗ್ಮೆಂಟ್ ಸರಿಪಡಿಸುವುದು, ಕೊನೆಗೆ ಐರೆಟ್ ಆದೇಶದಿಂದ ಮರಳುವುದು ಎಲ್ಲವನ್ನೂ ಕಂಪೈಲರ್ ನೋಡಿಕೊಳ್ಳುತ್ತದೆ. ಟರ್ಬೊ ಸಿ++ 3.0 ಬಳಸುವವರು ಕಡತವನ್ನು ‘ಸಿ’ ವಿಸ್ತರಣೆಯಲ್ಲಿ ಉಳಿಸಿ. ಅದು ತಾನಾಗಿ ಕೊಡುವ ‘ಸಿಪಿಪಿ’ ವಿಸ್ತರಣೆಯಲ್ಲಿ ಬಿಟ್ಟರೆ ಆವರಣದೊಳಗೆ ಮೂರು ಚುಕ್ಕೆ ಇಡಬೇಕಾಗುತ್ತದೆ, ಇಲ್ಲದಿದ್ದರೆ ಸೆಟ್‌ವೆಕ್ಟ್ ಸಾಲಿನಲ್ಲಿ ಕಂಪೈಲರ್ ತಕರಾರು ಮಾಡುತ್ತದೆ.

ಒಳಗಿನ ಕೆಲಸ ಹೀಗೆ. 3ಎಫ್‌ಎಯಲ್ಲಿರುವ ಇಂಟರಪ್ಟ್ ಗುರುತಿನ ರಿಜಿಸ್ಟರ್ ಓದಿ. 0ನೇ ಬಿಟ್ 1 ಆಗಿದ್ದರೆ ಇನ್ನೇನೂ ಬಾಕಿಯಿಲ್ಲ, ಲೂಪಿನಿಂದ ಹೊರಬನ್ನಿ. ಇಲ್ಲವಾದರೆ ಅದನ್ನು 06ರೊಂದಿಗೆ ಆಂಡ್ ಮಾಡಿ. 06 ಬಂದರೆ ದೋಷ: 3ಎಫ್‌ಡಿ ಓದಿ, 1ನೇ ಬಿಟ್ ಎದ್ದಿದ್ದರೆ ಓವರ್‌ರನ್ ಎಣಿಕೆಗೆ ಒಂದು ಸೇರಿಸಿ. 04 ಬಂದರೆ ಅಕ್ಷರ: 3ಎಫ್8 ಓದಿ ಬಫರ್‌ಗೆ (ಅಕ್ಷರಗಳು ಕಾಯುವ ಮೆಮೊರಿಗೆ) ಹಾಕಿ. 02 ಬಂದರೆ ಕಳುಹಿಸುವ ಜಾಗ ಖಾಲಿ, 00 ಬಂದರೆ ಮೋಡೆಮ್ ತಂತಿಗಳ ಬದಲಾವಣೆ. ಇವೆರಡನ್ನು ನಾವು ಕೇಳಿಲ್ಲ, ಆದರೂ 00ಕ್ಕೆ 3ಎಫ್‌ಇಯನ್ನು ಓದುವ ಒಂದು ಸಾಲು ಇರಲಿ. ಮತ್ತೆ ಲೂಪಿನ ಆರಂಭಕ್ಕೆ ಹೋಗಿ. ಲೂಪು ಮುಗಿದ ಮೇಲೆ 20ನೇ ಪೋರ್ಟ್‌ಗೆ 20 ಬರೆಯಿರಿ. ಅದು ‘ಇಂಟರಪ್ಟ್ ಮುಗಿಯಿತು’ ಎಂದು 8259ಎಗೆ ಕೊಡುವ ಸೂಚನೆ, ಇಒಐ.

ಲೂಪು ಏಕೆ ಎಂದು ಕೇಳುವವರು ಬಹಳ. ಒಂದು ಕರೆಗೆ ಒಂದು ಅಕ್ಷರ ಓದಿ ಹೊರಬಂದರೆ ಸಾಲದೇ? ಸಾಲದು. ಐಎಸ್ಎ ಪಿಸಿಯಲ್ಲಿ 8259ಎ ತಂತಿಯ ಮಟ್ಟವನ್ನು ನೋಡುವುದಿಲ್ಲ, ತಂತಿ ಕೆಳಗಿನಿಂದ ಮೇಲಕ್ಕೆ ಏರುವ ಕ್ಷಣವನ್ನು ನೋಡುತ್ತದೆ. ನೀವು ದೋಷದ ಗುರುತು ಓದಿದಿರಿ, ಆದರೆ ಚಿಪ್‌ನಲ್ಲಿ ಅಕ್ಷರವೂ ಕಾಯುತ್ತಿದೆ ಎಂದಿಟ್ಟುಕೊಳ್ಳಿ. ಬಾಕಿ ಇರುವ ತನಕ ತಂತಿ ಮೇಲೆಯೇ ನಿಂತಿರುತ್ತದೆ. ಇಳಿಯದ ತಂತಿ ಮತ್ತೆ ಏರಲಾರದು. ಏರದಿದ್ದರೆ 8259ಎಗೆ ಹೊಸ ಕರೆ ಕಾಣುವುದಿಲ್ಲ. ಅಲ್ಲಿಂದ ಮುಂದೆ ಆ ಪೋರ್ಟ್ ಶಾಶ್ವತವಾಗಿ ಕಿವುಡು. ದಿನವಿಡೀ ಸರಿಯಾಗಿ ನಡೆದು ಸಂಜೆ ಇದ್ದಕ್ಕಿದ್ದಂತೆ ತೂಕ ನಿಲ್ಲುವ, ಪಿಸಿ ಮರುಪ್ರಾರಂಭಿಸಿದರೆ ಸರಿಹೋಗುವ ಪ್ರೋಗ್ರಾಂ ಕಂಡರೆ ನಾನು ಮೊದಲು ಹುಡುಕುವುದು ಈ ಲೂಪನ್ನೇ. ಬಾಕಿಯೇನೂ ಇಲ್ಲ ಎಂದು ಚಿಪ್ ತಾನೇ ಹೇಳುವವರೆಗೆ ಹೊರಬರಬೇಡಿ.

ಇಒಐ ಮರೆತರೆ ಲಕ್ಷಣ ಬೇರೆ. ಮೊದಲ ಅಕ್ಷರವೊಂದೇ ಬರುತ್ತದೆ. ಕೀಬೋರ್ಡ್ ನಡೆಯುತ್ತದೆ, ಗಡಿಯಾರ ಓಡುತ್ತದೆ, ಎಟಿ ಮಾದರಿಯ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಕೂಡ ನಡೆಯುತ್ತದೆ. ಫ್ಲಾಪಿ ಮಾತ್ರ ಸತ್ತಿರುತ್ತದೆ. ಐಆರ್‌ಕ್ಯು 4 ಇನ್ನೂ ಮುಗಿದಿಲ್ಲ ಎಂದು ತಿಳಿದ 8259ಎ, 4ನ್ನೂ ಅದಕ್ಕಿಂತ ಕೆಳಗಿನ 5, 6, 7ನ್ನೂ ತಡೆಹಿಡಿದಿರುತ್ತದೆ. ಹೀಗೆ ಯಾವುದು ನಡೆಯುತ್ತದೆ, ಯಾವುದು ನಿಂತಿದೆ ಎಂದು ನೋಡಿಯೇ ದೋಷದ ಜಾಗ ಹೇಳಬಹುದು.

ಬಫರ್

512 ಬೈಟ್‌ಗಳ ಒಂದು ಸುತ್ತುವ ಬಫರ್ ಸಾಕು. ಎರಡು ಸೂಚ್ಯಂಕಗಳು: ತಲೆ, ಬಾಲ. ತಲೆಯನ್ನು ಹ್ಯಾಂಡ್ಲರ್ ಮಾತ್ರ ಬದಲಿಸಬೇಕು, ಬಾಲವನ್ನು ಮುಖ್ಯ ಪ್ರೋಗ್ರಾಂ ಮಾತ್ರ. ಒಂದು ಸೇರಿಸಿ 1ಎಫ್‌ಎಫ್‌ನೊಂದಿಗೆ ಆಂಡ್ ಮಾಡಿದರೆ ಸೂಚ್ಯಂಕ ತಾನೇ ಮೊದಲಿಗೆ ಮರಳುತ್ತದೆ, ಭಾಗಾಕಾರ ಬೇಕಿಲ್ಲ. ತಲೆ ಮುಂದಿಟ್ಟರೆ ಬಾಲಕ್ಕೆ ತಗಲುವಂತಿದ್ದರೆ ಅಕ್ಷರ ಬಿಟ್ಟು, ‘ಬಫರ್ ತುಂಬಿತು’ ಎಂಬ ಬೇರೊಂದು ಎಣಿಕೆ ಏರಿಸಿ. ಅಕ್ಷರವನ್ನು ಮೊದಲು ಬಫರ್‌ನಲ್ಲಿಟ್ಟು, ಆಮೇಲೆ ತಲೆಯನ್ನು ಮುಂದಕ್ಕೆ ಸರಿಸಿ.

ಈ ಎರಡು ಸೂಚ್ಯಂಕಗಳು 16 ಬಿಟ್‌ನ ಇಂಟ್ ಆಗಿರಲಿ, ‘ವಾಲಟೈಲ್’ ಎಂದು ಘೋಷಿಸಿ. ಇಲ್ಲದಿದ್ದರೆ ಮುಖ್ಯ ಲೂಪಿನಲ್ಲಿ ಕಂಪೈಲರ್ ಹಳೆಯ ಬೆಲೆಯನ್ನೇ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡು, ಹೊಸ ಅಕ್ಷರ ಬಂದದ್ದನ್ನೇ ಕಾಣದಿರಬಹುದು. 16 ಬಿಟ್ ಏಕೆಂದರೆ ಒಂದೇ ಆದೇಶದಲ್ಲಿ ಅದನ್ನು ಓದಲಾಗುತ್ತದೆ, ಇಂಟರಪ್ಟ್ ಬರುವುದು ಆದೇಶಗಳ ನಡುವೆ ಮಾತ್ರ. ಟರ್ಬೊ ಸಿಯ 32 ಬಿಟ್‌ನ ಲಾಂಗ್ ಓದಲು ಎರಡು ಆದೇಶ ಬೇಕು. ಅವುಗಳ ನಡುವೆ ಹ್ಯಾಂಡ್ಲರ್ ಬೆಲೆ ಬದಲಿಸಿದರೆ ಅರ್ಧ ಹಳತು, ಅರ್ಧ ಹೊಸತು ಕೈಗೆ ಬರುತ್ತದೆ. ಓವರ್‌ರನ್ ಎಣಿಕೆಯನ್ನು ಲಾಂಗ್ ಮಾಡಿದ್ದರೆ ಓದುವಾಗ ಡಿಸೇಬಲ್, ಎನೇಬಲ್ ನಡುವೆ ಓದಿ.

ತೂಕದ ಅರ್ಥ ಬಿಡಿಸುವುದು ಮುಖ್ಯ ಪ್ರೋಗ್ರಾಂನ ಕೆಲಸ. ತಕ್ಕಡಿ ಸಾಲಿನ ಆರಂಭಕ್ಕೆ 02, ಕೊನೆಗೆ 03 ಕಳುಹಿಸುವಂಥದ್ದಾಗಿದ್ದರೆ ನಡುವಿನ ಉದ್ದವನ್ನು ಅಳೆಯಿರಿ. ಕೈಪಿಡಿ ಹೇಳಿದಷ್ಟು ಅಕ್ಷರ ಇಲ್ಲದ ಸಾಲನ್ನು ಬಿಸಾಡಿ. ಓವರ್‌ರನ್ ಎಂದೂ ಬಾರದಿದ್ದರೂ ಈ ಪರೀಕ್ಷೆ ಇರಲೇಬೇಕು. ಕೇಬಲ್ ಸಡಿಲವಾದರೂ ಅಕ್ಷರ ಕಳೆಯುತ್ತದೆ, ಮತ್ತು ತಪ್ಪು ತೂಕ ಮುದ್ರಿಸುವುದಕ್ಕಿಂತ ತೂಕ ತೋರಿಸದಿರುವುದೇ ಲೇಸು.

ಹ್ಯಾಂಡ್ಲರ್ ಒಳಗೆ ಮಾಡಬಾರದ್ದು

ಪ್ರಿಂಟ್‌ಎಫ್ ಬೇಡ. ಕಡತ ತೆರೆಯುವುದು ಬೇಡ. ಮೆಮೊರಿ ಕೇಳುವುದು ಬೇಡ. ಡಾಸ್ ತನ್ನ ಕೆಲಸದ ನಡುವೆ ಇರುವಾಗ ಇನ್ನೊಮ್ಮೆ ಅದರೊಳಗೆ ಹೋಗುವಂತಿಲ್ಲ. ಹೋದರೆ ಅದು ತನ್ನ ಒಳಗಿನ ಸ್ಟ್ಯಾಕ್‌ನ ಮೇಲೆ ತಾನೇ ಬರೆದುಕೊಂಡು ಹಾಳಾಗುತ್ತದೆ. ಮುಖ್ಯ ಪ್ರೋಗ್ರಾಂ ಕಡತ ಬರೆಯುತ್ತಿದ್ದ ಕ್ಷಣದಲ್ಲೇ ನಿಮ್ಮ ಅಕ್ಷರ ಬಂದು, ನೀವು ಒಳಗಿನಿಂದ ಪ್ರಿಂಟ್‌ಎಫ್ ಕರೆದರೆ ಹಾರ್ಡ್ ಡಿಸ್ಕ್‌ನ ಕಡತಗಳೇ ಕೆಡಬಹುದು. ದಶಾಂಶ ಸಂಖ್ಯೆಗಳ ಲೆಕ್ಕವೂ ಬೇಡ. ‘ಇಂಟರಪ್ಟ್’ ಪದ ಕೋಪ್ರೊಸೆಸರ್‌ನ ರಿಜಿಸ್ಟರ್‌ಗಳನ್ನು ಉಳಿಸುವುದಿಲ್ಲ.

ಕಂಪೈಲರ್ ಆಯ್ಕೆಗಳಲ್ಲಿ ‘ಟೆಸ್ಟ್ ಸ್ಟ್ಯಾಕ್ ಓವರ್‌ಫ್ಲೋ’ ಆನ್ ಇದ್ದರೆ ಆಫ್ ಮಾಡಿ. ಹ್ಯಾಂಡ್ಲರ್ ಓಡುವುದು ಆ ಕ್ಷಣದಲ್ಲಿ ಯಾರು ಓಡುತ್ತಿದ್ದರೋ ಅವರ ಸ್ಟ್ಯಾಕ್ ಮೇಲೆ, ಅದು ಡಾಸ್‌ನದೂ ಇರಬಹುದು. ನಮ್ಮ ಸ್ಟ್ಯಾಕ್‌ನ ಮಿತಿಯನ್ನು ಅಲ್ಲಿ ಪರೀಕ್ಷಿಸಿದರೆ ಇಲ್ಲದ ದೋಷ ಕಂಡು ಪ್ರೋಗ್ರಾಂ ನಿಂತುಬಿಡುತ್ತದೆ. ಇದೇ ಕಾರಣಕ್ಕೆ ಒಳಗೆ ದೊಡ್ಡ ಅರೇಗಳನ್ನು ಘೋಷಿಸಬೇಡಿ.

ಮುಚ್ಚುವುದು

ತೆರೆದದ್ದರ ವಿರುದ್ಧ ಕ್ರಮ. ಡಿಸೇಬಲ್ ಮಾಡಿ, 21ರಲ್ಲಿ 4ನೇ ಬಿಟ್ಟನ್ನು ಹಳೆಯ ಸ್ಥಿತಿಗೆ ತನ್ನಿ, 3ಎಫ್9 ಮತ್ತು 3ಎಫ್‌ಸಿಗೆ ಹಳೆಯ ಬೆಲೆ ಕೊಡಿ, ಕೊನೆಗೆ ವೆಕ್ಟರ್ ಹಿಂದಿರುಗಿಸಿ, ಎನೇಬಲ್. 21ಕ್ಕೆ ಹಳೆಯ ಇಡೀ ಬೈಟನ್ನು ಬರೆಯಬೇಡಿ, ನಿಮ್ಮ ಬಿಟ್ಟನ್ನು ಮಾತ್ರ ತಿದ್ದಿ. ನಡುವೆ ಬೇರೆ ಯಾರಾದರೂ ತಮ್ಮ ಬಿಟ್ ಬದಲಿಸಿರಬಹುದು.

ಪ್ರೋಗ್ರಾಂ ಸರಿಯಾದ ದಾರಿಯಲ್ಲಿ ಮುಗಿದಾಗ ಇದೆಲ್ಲ ಸುಲಭ. ಕಷ್ಟ ಬರುವುದು ಯಾರೋ ಕಂಟ್ರೋಲ್-ಸಿ ಒತ್ತಿದಾಗ. ಡಾಸ್ ಪ್ರೋಗ್ರಾಂ ಅನ್ನು ಅಲ್ಲೇ ಮುಗಿಸಿ ಅದರ ಮೆಮೊರಿಯನ್ನು ಬಿಟ್ಟುಕೊಡುತ್ತದೆ, ಆದರೆ 0ಸಿ ವೆಕ್ಟರ್ ಇನ್ನೂ ಅಲ್ಲಿಗೇ ಕೈ ತೋರಿಸುತ್ತಿರುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಬೇರೆ ಪ್ರೋಗ್ರಾಂ ಆ ಜಾಗಕ್ಕೆ ಬಂದ ಮೇಲೆ ತಕ್ಕಡಿ ಒಂದು ಅಕ್ಷರ ಕಳುಹಿಸಿದರೆ ಪಿಸಿ ಹೆಪ್ಪುಗಟ್ಟುತ್ತದೆ, ತಪ್ಪು ಆ ಬಡಪಾಯಿ ಪ್ರೋಗ್ರಾಂ ಮೇಲೆ ಬೀಳುತ್ತದೆ. ಆದ್ದರಿಂದ ಟರ್ಬೊ ಸಿಯ ಸಿಟಿಆರ್‌ಎಲ್‌ಬಿಆರ್‌ಕೆ ಕರೆಯಿಂದ ನಿಮ್ಮದೇ ಫಂಕ್ಷನ್ ಕೂರಿಸಿ, ಅದರಿಂದ 1 ಹಿಂದಿರುಗಿಸಿ. ಆಗ ಕಂಟ್ರೋಲ್-ಸಿಯಿಂದ ಪ್ರೋಗ್ರಾಂ ಮುಗಿಯುವುದಿಲ್ಲ. ‘ಅಬಾರ್ಟ್, ರಿಟ್ರೈ, ಫೇಲ್’ ಎಂಬ ಪ್ರಶ್ನೆ ಬಂದಾಗ ಎ ಒತ್ತಿದರೂ ಇದೇ ಅನಾಹುತ. ಹಾರ್ಡ್‌ಎರ್ ಕರೆಯಿಂದ ಅದನ್ನೂ ಹಿಡಿದು, ಉತ್ತರವನ್ನು ಯಾವಾಗಲೂ ಫೇಲ್ ಮಾಡಿ.

ಕಣ್ಣಿಗೆ ಕಾಣುವಂತೆ ಮಾಡುವುದು

ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ ಇಲ್ಲ ಎಂದಮೇಲೆ ದೋಷ ಹುಡುಕುವುದು ಹೇಗೆ? ಮೊದಲ ಉಪಾಯ ವಿಡಿಯೊ ಮೆಮೊರಿ. ಬಣ್ಣದ ಪರದೆಯ ಟೆಕ್ಸ್ಟ್ ಮೋಡ್‌ನಲ್ಲಿ ಬಿ800 ಸೆಗ್ಮೆಂಟ್‌ನ ಮೊದಲ ಬೈಟ್ ಎಂದರೆ ಎಡಮೇಲ್ತುದಿಯ ಅಕ್ಷರ. ಹ್ಯಾಂಡ್ಲರ್ ಪ್ರತಿ ಸಲ ಅದಕ್ಕೆ ಒಂದು ಸೇರಿಸಲಿ. ಅಕ್ಷರ ಕುಣಿಯುತ್ತಿದ್ದರೆ ಮೂರೂ ಬಾಗಿಲು ತೆರೆದಿವೆ.

ಎರಡನೆಯದು ನನಗೆ ಇನ್ನೂ ಇಷ್ಟ. ಪ್ರಿಂಟರ್ ಪೋರ್ಟ್‌ನ 2ನೇ ಪಿನ್‌ನಿಂದ ರೆಸಿಸ್ಟರ್ ಮತ್ತು ಎಲ್‌ಇಡಿಯನ್ನು 25ನೇ ಪಿನ್‌ಗೆ, ಅಂದರೆ ಗ್ರೌಂಡ್‌ಗೆ ಬೆಸೆಯಿರಿ. ಹ್ಯಾಂಡ್ಲರ್ ಆರಂಭದಲ್ಲಿ 378ನೇ ಪೋರ್ಟ್‌ಗೆ 01, ಕೊನೆಯಲ್ಲಿ 00 ಬರೆಯಿರಿ. ಎಲ್‌ಇಡಿ ಮಂದವಾಗಿ ಬೆಳಗುತ್ತದೆ. ಆಸಿಲೋಸ್ಕೋಪ್ ಇದ್ದರೆ ಅದೇ ಪಿನ್‌ಗೆ ಪ್ರೋಬ್ ಹಿಡಿಯಿರಿ: ಮೇಲೆ ನಿಂತಿರುವ ಅಗಲವೇ ನಿಮ್ಮ ಹ್ಯಾಂಡ್ಲರ್ ತಿಂದ ಸಮಯ. ತಕ್ಕಡಿ ಇಲ್ಲದೆ ಪರೀಕ್ಷಿಸಲು 9 ಪಿನ್‌ನ ಕನೆಕ್ಟರ್‌ನಲ್ಲಿ 2 ಮತ್ತು 3ನ್ನು ತಂತಿಯಿಂದ ಸೇರಿಸಿ. 3ಎಫ್8ಕ್ಕೆ ಬರೆದ ಅಕ್ಷರ ಮರಳಿ ನಿಮಗೇ ಬರುತ್ತದೆ.

ವೇಗ ಹೆಚ್ಚಿದರೆ

9600ಕ್ಕೆ ಒಂದೇ ಅಕ್ಷರದ ಚಿಪ್ ಸಾಕು. 115200ರಲ್ಲಿ ಅಕ್ಷರಗಳ ನಡುವೆ 87 ಮೈಕ್ರೊಸೆಕೆಂಡ್ ಮಾತ್ರ. ಆಗ 16 ಅಕ್ಷರದ ಸಾಲು ಇರುವ 16550ಎ ಬೇಕು. 3ಎಫ್‌ಎಗೆ 87 ಬರೆದರೆ ಸಾಲು ತೆರೆದು, ಖಾಲಿಯಾಗಿ, 8 ಅಕ್ಷರ ಸೇರಿದಾಗ ಕರೆ ಬರುತ್ತದೆ. ಆಮೇಲೆ 3ಎಫ್‌ಎ ಓದಿ. ಮೇಲಿನ ಎರಡೂ ಬಿಟ್ 1 ಆಗಿದ್ದರೆ ಚಿಪ್ ನಿಜವಾಗಿ 16550ಎ. 8 ತುಂಬುವ ಮುನ್ನ ತಕ್ಕಡಿ ಸುಮ್ಮನಾದರೆ, ನಾಲ್ಕು ಅಕ್ಷರದ ಹೊತ್ತು ಕಾದು ಚಿಪ್ 0ಸಿ ಎಂಬ ಬೇರೆ ಗುರುತಿನಿಂದ ಕರೆಯುತ್ತದೆ. 06ರೊಂದಿಗೆ ಆಂಡ್ ಮಾಡಿದಾಗ ಅದೂ 04 ಆಗುವುದರಿಂದ ನಮ್ಮ ಹ್ಯಾಂಡ್ಲರ್ ಬದಲಾಗಬೇಕಿಲ್ಲ.

ಬೇರೆ ತಂತಿಗಳಿಗೂ ವಿಧಾನ ಇದೇ. 8ರಿಂದ 15ರವರೆಗಿನವಕ್ಕೆ ಇಒಐ ಎರಡು ಕಡೆ: ಮೊದಲು ಎ0ಗೆ, ಆಮೇಲೆ 20ಕ್ಕೆ. ಟೈಮರ್ ಬೇಕಾದವರು 08ನ್ನು ಮುಟ್ಟದೆ 1ಸಿ ವೆಕ್ಟರ್ ಹಿಡಿಯಿರಿ. ಬಯೋಸ್ ಅದನ್ನು ಸೆಕೆಂಡಿಗೆ ಸುಮಾರು 18.2 ಸಲ ಕರೆಯುತ್ತದೆ, ಅಲ್ಲಿ ಇಒಐ ಕೊಡುವ ಹೊಣೆ ನಿಮ್ಮದಲ್ಲ. ಮುಂದೆ 386ರ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗುವವರು 8259ಎಯನ್ನು 20ನೇ ವೆಕ್ಟರ್‌ನಿಂದ ಶುರುವಾಗುವಂತೆ ಮರುಹೊಂದಿಸಲೇಬೇಕು. ಮೊದಲ 32 ವೆಕ್ಟರ್‌ಗಳನ್ನು ಇಂಟೆಲ್ ಪ್ರೊಸೆಸರ್‌ನ ಸ್ವಂತ ದೋಷಗಳಿಗೆ ಕಾದಿರಿಸಿತ್ತು. ಐಬಿಎಂ ಅದರೊಳಗೇ 08ರಿಂದ ಹಾರ್ಡ್‌ವೇರ್ ಕೂರಿಸಿದ್ದರಿಂದ ಟೈಮರ್ ಕರೆಗೂ ಡಬಲ್ ಫಾಲ್ಟ್‌ಗೂ ಒಂದೇ ಸಂಖ್ಯೆ.

ಒಪ್ಪಿಸುವ ಮೊದಲು

ಕಾರ್ಖಾನೆಗೆ ಪಿಸಿ ಮರಳಿಸುವ ಮುನ್ನ ನಾನು ಎಲ್ಲವನ್ನೂ ಒಟ್ಟಿಗೆ ಓಡಿಸುತ್ತೇನೆ. ತಕ್ಕಡಿ ನಿರಂತರ ಕಳುಹಿಸುವ ಸ್ಥಿತಿಯಲ್ಲಿರಬೇಕು. ಪ್ರಿಂಟರ್ ಬಿಲ್ ಹೊಡೆಯುತ್ತಿರಲಿ, ನಡುವೆ ಕಾಗದ ಮುಗಿಯಲಿ. ಫ್ಲಾಪಿಗೆ ಕಡತ ಬರೆಯಿರಿ, ಬರೆಯುವ ನಡುವೆ ಫ್ಲಾಪಿ ತೆಗೆಯಿರಿ. ಕಂಟ್ರೋಲ್-ಸಿ ಒತ್ತಿ. ತಕ್ಕಡಿಯ ಕೇಬಲ್ ಕಿತ್ತು ಮತ್ತೆ ಹಾಕಿ. ಪ್ರೋಗ್ರಾಂನಿಂದ ಹೊರಬಂದು ಡಾಸ್‌ನಲ್ಲಿ ಡಿಐಆರ್ ಕೊಡಿ, ಆಗಲೂ ತಕ್ಕಡಿ ಕಳುಹಿಸುತ್ತಲೇ ಇರಬೇಕು. ಮತ್ತೆ ಒಳಹೋಗಿ. ಎರಡು ಎಣಿಕೆಗಳೂ ಸೊನ್ನೆ ಇರಬೇಕು. ಬಫರ್ ತುಂಬಿದ ಎಣಿಕೆ ಏರಿದ್ದರೆ ಮುಖ್ಯ ಪ್ರೋಗ್ರಾಂ ಎಲ್ಲೋ ತುಂಬ ಹೊತ್ತು ನಿಲ್ಲುತ್ತಿದೆ. ಬಫರನ್ನು 2048ಕ್ಕೆ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆಂಡ್ ಮಾಡುವ ಬೆಲೆಯನ್ನು 7ಎಫ್‌ಎಫ್ ಮಾಡಲು ಮರೆಯಬೇಡಿ. ಓವರ್‌ರನ್ ಎಣಿಕೆ ಏರಿದ್ದರೆ ಬಫರ್ ಬೆಳೆಸಿ ಪ್ರಯೋಜನವಿಲ್ಲ. ಯಾರೋ ಪ್ರೊಸೆಸರ್‌ನ ಬಾಗಿಲನ್ನು ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಮುಚ್ಚಿಟ್ಟಿದ್ದಾರೆ. ಕಾನ್ಫಿಗ್ ಡಾಟ್ ಸಿಸ್ ಮತ್ತು ಆಟೊಎಕ್ಸೆಕ್ ಡಾಟ್ ಬ್ಯಾಟ್‌ನಲ್ಲಿ ಮೆಮೊರಿಗೆ ಸೇರುವ ಪ್ರೋಗ್ರಾಂಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲ ಪಿಸಿ ಮರುಪ್ರಾರಂಭಿಸಿ, ಎಣಿಕೆ ಯಾವಾಗ ನಿಲ್ಲುತ್ತದೆ ಎಂದು ನೋಡಿ.